ಒತ್ತು

ನಮ್ಮೂರ ಹೆಸರು ಮುದ್ರೆಯೊಳಗೆ ಹಿಡಿಸುವುದೇ ಕಷ್ಟ.
ಶನಿವಾರಸಂತೆ: ಇಂಗ್ಲಿಷ್ ಅಕ್ಷರದಲ್ಲಿ ಬಳೆಯ ಸುತ್ತ ಹರಿದು
ತನ್ನ ಬಾಲ ತಾನೇ ಕಚ್ಚಿಕೊಳ್ಳುತ್ತದೆ.
ಮೂವತ್ತೊಂದು ವರುಷ ಅದನ್ನೆತ್ತಿ ಕುಕ್ಕಿದ್ದೇನೆ,
ಧಡ್ ಮಸಿಗೊಂದು, ಧಡ್ ಕಾಗದಕ್ಕೊಂದು,
ಹುರುಳಿ ಬಡಿದ ಹಾಗೆ.
ಹುಲಿಯ ಮುಖಕ್ಕೆ ಬಿತ್ತೋ, ನವಿಲಿನ ಕಣ್ಣಿಗೋ,
ನೋಡಿದವನಲ್ಲ.

ಇದೇ ಕೈ
ರಾತ್ರಿ ಸೋಪು ಹಾಕಿ ತೊಳೆದುಕೊಂಡು
ಜಪಾನಿನ ಆಲ್ಬಮ್ಮಿನ ಹಾಳೆ ತಿರುವುತ್ತದೆ.

ಅಲ್ಲಿಯ ಮಸಿ ಕಪ್ಪಲ್ಲ. ಕಾಚಿನ ಬಣ್ಣ,
ಎಲೆಯಡಿಕೆ ಹಾಕಿ ಆಗಷ್ಟೆ ನಕ್ಕವರ ತುಟಿಯಂಥದು.
ರೂಪಾಯಿ ಬಿಲ್ಲೆಗಿಂತ ತುಸು ದೊಡ್ಡ ದುಂಡಿನೊಳಗೆ
ದೀಪಸ್ತಂಭಕ್ಕೆ ನೂರು ತುಂಬಿದ್ದು,
ಸೇತುವೆ ತೆರೆದದ್ದು,
ಏಳೇ ಮಕ್ಕಳಿದ್ದ ಶಾಲೆ ಮುಚ್ಚಿದ್ದು,
ಒಂದು ರೈಲು ಕೊನೆಯ ಸಲ ಓಡಿದ್ದು,
ಅದರ ಹೊಗೆಯ ಸುರುಳಿ ಸುರುಳಿಯೂ ಎಣಿಕೆಗೆ ಸಿಗುತ್ತದೆ.
ತಾರೀಖು ತಿರುಗಾಮುರುಗಾ, ವರುಷ ಮೊದಲು, ದಿನ ಕೊನೆಗೆ;
ವರುಷವೋ ಅವರ ಅರಸನ ಲೆಕ್ಕ.
ನನಗೆ ನಲವತ್ತಾದಾಗ ಅಲ್ಲಿ ಇನ್ನೂ ಹತ್ತೊಂಬತ್ತು.
ಹೊಸಬ ಪಟ್ಟಕ್ಕೆ ಬಂದ, ಮತ್ತೆ ಒಂದರಿಂದ ಶುರು.
"ಇಲ್ಲೂ ಹೀಗಿದ್ದರೆ ನಿಮ್ಮ ಪೆನ್ಷನ್ನು ಬಂದ ಹಾಗೇ ಬಿಡಿ"
ಎಂದ ಸೂಫಿ, ಟಪಾಲು ಚೀಲದ ಬಾಯಿ ಕಟ್ಟುತ್ತ.

ಕೇಳುವುದಕ್ಕೂ ಕ್ರಮವಿದೆ. ಅವರದೇ ಸ್ಟಾಂಪು ಹಚ್ಚಿದ ಕಾರ್ಡು,
ಮರುಟಪಾಲಿಗೆ ಕೂಪನ್ನು,
ಮುದ್ರೆ ಬೀಳಬೇಕಾದಲ್ಲಿ ಪೆನ್ಸಿಲಿನ ತೆಳ್ಳನೆ ಸೊನ್ನೆ.
ಕಡಲ ದಂಡೆಯ ಒಂದು ಸಣ್ಣ ಕಚೇರಿ
ಹನ್ನೊಂದು ವರುಷ ಆ ಸೊನ್ನೆ ತುಂಬಿ ಕಳಿಸಿತು.
ಹೆಸರಿಲ್ಲ, ಸಹಿಯಿಲ್ಲ. ಗಂಡೋ ಹೆಣ್ಣೋ ತಿಳಿಯದು.
ಕೈ ಮಾತ್ರ ಗೊತ್ತು ನನಗೆ:
ಸ್ಟಾಂಪಿನ ಮೂಲೆಯನ್ನು ಮುಟ್ಟಿಯೂ ಮುಟ್ಟದ ಹಾಗೆ
ಮಲಗಿದ ಮಗುವಿನ ಹಣೆಗೆ ಬೊಟ್ಟಿಟ್ಟ ಹಾಗೆ
ಒತ್ತಿ, ಉಸಿರು ಹಿಡಿದು, ನೆಟ್ಟಗೆ ಎತ್ತುವ ಕೈ.
ಮೇಲೊಂದು ತೆಳುಗಾಗದ, ಹಸಿ ಮಸಿ ಅಂಟದಿರಲೆಂದು.

ಈ ಸಲ ಬಂದದ್ದು
ಬಲಕ್ಕೆ ಕೂದಲೆಳೆಯಷ್ಟು ವಾಲಿತ್ತು.
ಎಡದಂಚು ಗಾಢ, ಬಲದಂಚು ಮಾಸಲು.
ತೆಳುಗಾಗದ ಇತ್ತು, ಮಡಿಕೆ ಬೇರೆ.
ಸೂಫಿಗೆ ತೋರಿಸಿದೆ. "ಚೆನ್ನಾಗೇ ಇದೆಯಲ್ಲ" ಎಂದ.
ಚೆನ್ನಾಗೇ ಇದೆ.
ವರ್ಗವೋ, ನಿವೃತ್ತಿಯೋ, ಇಲ್ಲ...
ಯಾರನ್ನು ಕೇಳಲಿ, ಯಾವ ಭಾಷೆಯಲ್ಲಿ?

ಶನಿವಾರ. ಹೊರಗೆ ಹಸಿಮೆಣಸಿನ ಮೂಟೆ ಇಳಿಸುವವರ ಕೂಗು.
ಶಟರು ಅರ್ಧ ಎಳೆದು ಕೂತೆ.
ನಮ್ಮ ಮುದ್ರೆಯ ಸಂದಿಸಂದಿಯಿಂದ ಗುಂಡುಸೂಜಿಯಲ್ಲಿ
ಎಷ್ಟೋ ಕಾಲದ ಕೊಳೆ ಕೆದಕಿದೆ;
ಎನ್ ಅಕ್ಷರದೊಳಗೊಂದು ಕೂದಲಿತ್ತು, ನರೆತದ್ದು.
ಹಳೇ ಪೇಪರಿನ ಮೇಲೆ ಹದಿನಾಲ್ಕು ಸಲ ಒತ್ತಿದೆ.
ಕುಕ್ಕಲಿಲ್ಲ. ಒತ್ತಿದೆ.
ಹದಿನೈದನೆಯದು ಕಾರ್ಡಿಗೆ.
ಬೆನ್ನಿಗೆ ಏನೂ ಬರೆಯಲಿಲ್ಲ. ವಿಳಾಸದ ಮೊದಲ ಸಾಲಿನಲ್ಲಿ
ಹೆಸರು ಇರಬೇಕಾದಲ್ಲಿ
ಪೆನ್ಸಿಲಿನಲ್ಲಿ ಒಂದು ಸೊನ್ನೆ.

ನಮ್ಮ ತಿಂಗಳಂಕಿ ಬೇರೆ ಸವೆದಿದೆ.
ಮೂರೆಂದೋ ಎಂಟೆಂದೋ,
ಹೇಗೆ ಓದಿಕೊಳ್ಳುತ್ತಾರೋ.