ಎಳೆ ಹಿಡಿದು ಬಂದದ್ದು

ರಾತ್ರಿ ಎಂಟೂವರೆಗೆ, ತಟ್ಟೆ ಮುಂದೆ ಕೂತ ಹೊತ್ತಿಗೆ
ಟಪ್.
ಹಾಲಿನ ಮೂಲೆಯ ಕೆರೆ ಕತ್ತಲಾಗುತ್ತದೆ.
ಕೆರೆ ಅನ್ನುವವನು ನಾನು; ಮಗಳಿಗದು ಟ್ಯಾಂಕು,
ಎರಡೂವರೆ ಅಡಿ ಉದ್ದ, ಹದಿಮೂರು ಮೀನು.
ಈ ಶಿಡ್ಲಘಟ್ಟದಲ್ಲಿ ನಾನು ದಿನಾ ನೋಡುವ ಕೆರೆ ಅದೊಂದೇ.
ಗಾಳಿ ಪಂಪಿನ ಗುಳುಗುಳು ನಿಂತಿದ್ದೇ
ಮನೆಗೆ ಮನೆಯೇ ಉಸಿರು ಬಿಗಿಹಿಡಿದಂತೆ.
ಎಕ್ಸ್‌ಟೆನ್ಷನ್ ಬೋರ್ಡಿನ ಕೆಂಪು ಗುಂಡಿ
ಹೊರಗೆ ನೆಗೆದು ನಾಲಗೆ ಚಾಚಿರುತ್ತದೆ.

ಪಿಳ್ಳಪ್ಪ ಬಂದ. ಕಿವಿಯ ಮೇಲಿನ ಟೆಸ್ಟರು ತೆಗೆಯದೇ ಅಂದ:
"ಲೋಡು ಭಾಯ್, ಲೋಡು."
ಲೋಡೇ? ಕೂಡಿಸೋಣ ಬಾ.
ಗೂಡಿನ ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿ ಬರೆದೆ:
ದೀಪ ಮೂವತ್ತಾರು, ಫಿಲ್ಟರು ಹನ್ನೆರಡು,
ಗಾಳಿಗೆ ಐದು, ಹೀಟರಿಗೆ ನೂರು.
ಎಲ್ಲ ಸೇರಿ ನೂರೈವತ್ತಮೂರು ವ್ಯಾಟು.
ಇಸ್ತ್ರಿಪೆಟ್ಟಿಗೆ ಇದೇ ಬೋರ್ಡಿನಲ್ಲಿ ಕೂತು
ಸಾವಿರ ತಿನ್ನುತ್ತದೆ, ಒಂದು ತೇಗೂ ಇಲ್ಲದೆ.
ಪಿಳ್ಳಪ್ಪ ಹಾಳೆ ನೋಡಿದ, ನನ್ನ ಮುಖ ನೋಡಿದ,
ಹೊಸ ಬೋರ್ಡು ಸಿಕ್ಕಿಸಿ ಮುನ್ನೂರೈವತ್ತು ಇಸಕೊಂಡು ಹೋದ.
ಹೊಸದು ಬಾಳಿದ್ದು ನಾಲ್ಕು ದಿನ.

ಆಮೇಲೆ ನಾನೂ ಆಫ್ರೀನೂ ಠಾಣೆ ತೆರೆದು ಕೂತೆವು,
ಒಬ್ಬೊಬ್ಬರನ್ನೇ ಹೊರಗೆ ಕರೆದು ವಿಚಾರಣೆ.
ಹೀಟರು ಕಿತ್ತೆವು. ಟಪ್.
ಪಂಪು ಕಿತ್ತೆವು. ಟಪ್.
ಫಿಲ್ಟರು ಕಿತ್ತ ರಾತ್ರಿ ಮೀನೆಲ್ಲ ಮೇಲೆ ಬಂದು
ಬಾಯಿ ತೆರೆದು ಮುಚ್ಚಿ ತೆರೆದು
ಏನೋ ಸಾಕ್ಷಿ ಹೇಳುತ್ತಿದ್ದವು. ಆಗಲೂ ಟಪ್.
ದೀಪ ಕಿತ್ತ ದಿನ ಮಾತ್ರ ಗುಂಡಿ ಒಳಗೇ ಉಳಿಯಿತು.
ಸಿಕ್ಕ ಕಳ್ಳ ಅಂತ ಅದನ್ನು ಅಡುಗೆಮನೆಗೆ ಒಯ್ದು
ಬೇರೆ ಪಾಯಿಂಟಿಗೆ ಹಚ್ಚಿದರೆ
ಫಜರ್ ನಮಾಜಿನ ತನಕ ಉರಿಯಿತು, ಮಿಣ್ಣನೆ ಮಿಣುಕದೆ,
ಏನೂ ಮಾಡದವನ ಹಾಗೆ.

ಮಗಳು ಹೇಳಿದಳು: ಹಚ್ಚಿದ ಕೂಡಲೇ ಅಲ್ಲ ಅಬ್ಬಾ,
ಎರಡು ತಾಸು ಬಿಟ್ಟು. ಯಾಕೆ ಕಾಯುತ್ತೆ ಅದು?
ಯಾಕೆ ಕಾಯುತ್ತೆ. ನನಗೂ ಗೊತ್ತಿರಲಿಲ್ಲ.

ಶನಿವಾರ ಬಟವಾಡೆಗೆ ಮುನಿರತ್ನಮ್ಮ ಬಂದಳು.
ಇಪ್ಪತ್ತೆರಡು ವರ್ಷ ನನ್ನ ಬೇಸಿನ್ನಿನ ಬಿಸಿನೀರಲ್ಲಿ
ಗೂಡಿನ ಎಳೆ ಹುಡುಕಿದ ಬೆರಳು,
ತುದಿಯಲ್ಲಿ ಬೆಳ್ಳಗೆ, ನೆನೆದ ಅವಲಕ್ಕಿ.
ಎಂದಿನಂತೆ ಬಾಗಿಲ ಪಕ್ಕ ನೆಲಕ್ಕೆ ಕೂತಳು.
ನಾವೆಲ್ಲ ನಿಂತು ನೋಡಿದವರು.
ಕೂತವಳ ಕಣ್ಣಿಗೆ ಬೋರ್ಡು ನೇರಕ್ಕಿತ್ತು.

"ಅಣ್ಣಾ, ಆ ಮೂರನೇ ತೂತು ನೋಡು, ಸುಣ್ಣ ಬಳಿದಂಗೈತೆ."
ನೋಡಿದೆ. ಬೋರ್‌ವೆಲ್ ನೀರಿನ ಬಿಳಿ ಉಪ್ಪು,
ನಮ್ಮ ಪಾತ್ರೆಗಳ ತಳದಲ್ಲಿ ಕೂರುವುದೇ.
"ದೀಪ ಕಾದ್ರೆ ಮುಚ್ಚಳ ಬೆವರ್ತೈತೆ.
ಬೆವರು ವಯರು ಹಿಡ್ಕೊಂಡು ಇಳೀತೈತೆ.
ಎಳೆ ಎತ್ತಿದ್ರೆ ನೀರೂ ಜೊತೇಲಿ ಬರಲ್ವಾ?
ಅದಕ್ಕೇ ಅಲ್ವಾ ನಾವು ಎಳೆಗೆ ಎಳೆ ಸುತ್ತಿ ಹಿಂಡೋದು?"

ಅಲ್ವಾ. ಅಪ್ಪನ ಕಾಲದಿಂದ ಅದನ್ನೇ ಮಾರಿ ಉಂಡ ಮನೆ ಇದು.

ಮೇನ್ ಸ್ವಿಚ್ ಆರಿಸಿದೆ.
ಬೋರ್ಡನ್ನು ಗೋಡೆಗೆ ಎರಡು ಮೊಳ ಮೇಲೆ ಮೊಳೆ ಹೊಡೆದು ಏರಿಸಿದೆ.
ಆಕೆ ವಯರನ್ನು ಬಿಗಿಯಿಂದ ಬಿಡಿಸಿ
ಜೋಕಾಲಿ ಹಗ್ಗದಷ್ಟು ಜೋಲು ಬಿಟ್ಟಳು,
ಕೆಳಗಿಳಿದ ಹನಿ ಮತ್ತೆ ಹತ್ತದ ಹಾಗೆ.

ಎಂಟೂವರೆ ಬಂತು. ಒಂಬತ್ತಾಯಿತು.
ಸೋತ ಪಿಳ್ಳಪ್ಪನಿಗೆ ಫೋನು ಮಾಡಬೇಕೆನಿಸಿ ಮಾಡಲಿಲ್ಲ.

ಮುಂದಿನ ಶನಿವಾರ ಆಕೆಗೆ ಕುರ್ಚಿ ಎಳೆದೆ.
ಕುರ್ಚಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ
"ಇಲ್ಲೇ ತಣ್ಣಗೈತೆ, ಬಿಡಣ್ಣ" ಅಂದಳು.
ಇಪ್ಪತ್ತೆರಡು ವರ್ಷದ ಮೇಲೆ ಅದೂ ಒಂದು ಲೆಕ್ಕ,
ಕೂಡಿಸಿದರೆ ಎಷ್ಟಾಗುತ್ತದೋ, ಕೊನೇ ಹಾಳೆಯಲ್ಲಿ ಜಾಗವಿಲ್ಲ.

ಜೋಲಿನ ಕೆಳಗೆ ಹಾರ್ಲಿಕ್ಸ್ ಬಾಟಲಿಯ ಮುಚ್ಚಳ ಇಟ್ಟಿದ್ದೇವೆ.
ರಾತ್ರಿ ಎಚ್ಚರವಾದರೆ ಕೇಳುತ್ತದೆ: ಟಪ್.
ಎದೆ ಒಮ್ಮೆ ಹಾರುತ್ತದೆ, ಹಳೇ ಅಭ್ಯಾಸ.
ಬೆಳಿಗ್ಗೆ ಅದರಲ್ಲಿ ಒಂದು ಚಮಚೆ ನೀರು.
ಆಫ್ರೀನ್ ಚೆಲ್ಲುವುದಿಲ್ಲ.
ಗೂಡಿನ ಹುಳು ಪುಡಿ ಮಾಡಿ ಮೀನಿಗೆ ಉದುರಿಸಿ
ಆ ಚಮಚೆಯನ್ನೂ ಕೆರೆಗೇ ಬಗ್ಗಿಸುತ್ತಾಳೆ.