ಉಪ್ಪಿಗೆ ಅವಸರವಿಲ್ಲ

ಕಿಟಕಿಯ ಬದಿಯ ಗಾಜಿನ ಭರಣಿಯಲ್ಲಿ
ಮೈಯಷ್ಟೇ ಬೆಚ್ಚಗಿನ ಉಪ್ಪುನೀರು,
ತಳದಲ್ಲಿ ಕುಚ್ಚಲಕ್ಕಿ ಕಾಳಿನಷ್ಟು ನನ್ನ ಏಳನೆಯ ಚಿಪ್ಪು.
ಹೊಸ ಹುಡುಗರು ಚಿಪ್ ಎನ್ನುತ್ತಾರೆ;
ನನ್ನ ಬಾಯಲ್ಲಿ ಅದು ಚಿಪ್ಪೇ,
ಬಿಗಿಯಾಗಿ ಮುಚ್ಚಿಕೊಳ್ಳಲು ಬಾರದಿದ್ದರೆ ಸಾಯುವ ಜಾತಿ.
ಇನ್ನೂರ ಹನ್ನೆರಡನೆಯ ದಿನ. ಬದುಕಿದ್ದೀಯಾ
ಎಂದು ಗಾಜಿನಾಚೆಯಿಂದ, ತಂತಿಯಿಲ್ಲದೆ, ಕೇಳುತ್ತೇನೆ.
ಉಂಟು, ಎನ್ನುತ್ತದೆ.
ನಾಳೆ ಮತ್ತೆ ಕೇಳಬೇಕು.

ಧಕ್ಕೆಯ ಹಿಂದಿನ ಓಣಿಯಲ್ಲಿ ಹಿಲರಿ ಪಾಯ್ಸರದು
ಬೋಟಿನ ವಯರ್‌ಲೆಸ್ ರಿಪೇರಿಯ ಅಂಗಡಿ.
ಬಂಗುಡೆಯ ನಾತ, ಬೆಸುಗೆಯ ಹೊಗೆ,
ಎರಡೂ ಒಂದೇ ಅಂಗಿಯಲ್ಲಿ.
ಅಮ್ಮ ಹರಾಜು ಮುಗಿಸಿ, ಬುಟ್ಟಿ ತೊಳೆದು ಬರುವ ತನಕ
ಶಾಲೆಯ ಚೀಲದ ಮೇಲೆ ಕೂತು ನೋಡುತ್ತಿದ್ದೆ:
ಸೆಟ್ಟಿನ ಹೊಟ್ಟೆ ಬಿಚ್ಚಿದರೆ ಒಳಗೆಲ್ಲ ಹಸಿರು,
ತಾಮ್ರದ ಮೇಲೆ ಕಡಲು ಹಾಕಿದ ಸಹಿ.
‘ಉಪ್ಪಿಗೆ ಅವಸರವಿಲ್ಲ ಮಗಾ,
ಅವಸರವೆಲ್ಲ ನಮಗೆ,’
ಎಂದು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುತ್ತಿದ್ದರು.

ಆಮೇಲೆ ಸುರತ್ಕಲ್ಲು. ಮೂರು ವರ್ಷದ ಅನುದಾನ,
ಒಂದು ವರ್ಷದ ಅನುದಾನ, ಅನುದಾನವಿಲ್ಲದ ವರ್ಷಗಳು,
ಮದುವೆ ಮನೆಗಳಲ್ಲಿ
‘ಇವಳೇ, ಮಿದುಳಿಗೆ ಮೊಬೈಲು ಹಾಕುವವಳು’ ಎಂಬ ಪರಿಚಯ.
ನಾನು ಮಾಡುವುದು ಇಷ್ಟೇ:
ಚರ್ಮದ ಹೊರಗೊಂದು ತಂತಿಯ ಸುರುಳಿ, ಒಳಗೊಂದು,
ನಡುವೆ ದಾಟಬೇಕು ಒಂಚೂರು ಕಸುವು,
ಮಿದುಳು ಒಂದು ಡಿಗ್ರಿಯೂ ಬಿಸಿಯಾಗದ ಹಾಗೆ.
ಇಪ್ಪತ್ತಾರು ವರ್ಷ
ಆ ಒಂದು ಡಿಗ್ರಿಯೊಳಗೆ ಬಾಡಿಗೆಗಿದ್ದೇನೆ.

ನರದ ಮಾತು ತೀರಾ ಸಣ್ಣದು.
ವೋಲ್ಟೊಂದನ್ನು ಹತ್ತು ಲಕ್ಷ ಚೂರು ಮಾಡಿ
ಐವತ್ತನ್ನು ಮಾತ್ರ ಎತ್ತಿಕೊಂಡರೆ, ಅಷ್ಟು.
ಗೋಡೆಯೊಳಗೆ ಹರಿಯುವ ಕರೆಂಟಿನ ಗುಂಯ್‌ಗುಡುವಿಕೆ
ಅದನ್ನು ಅಗಿಯದೆ ನುಂಗುತ್ತದೆ.

ಅತ್ತಾವರದ ವಾರ್ಡಿನಲ್ಲಿ ಶೀನ ಕರ್ಕೇರ,
ಬೋಟಿನ ಅಟ್ಟದಿಂದ ಬಿದ್ದು ಕುತ್ತಿಗೆ ಮುರಿದು ನಾಲ್ಕು ವರ್ಷ.
ತಲೆಗೆ ತಂತಿ, ಎದುರಿಗೆ ಪರದೆ, ಪಕ್ಕದಲ್ಲಿ ನಾನು:
‘ಕೈ ಎತ್ತುತ್ತೇನೆ ಅಂತ ಮನಸ್ಸಿನಲ್ಲೇ ನೆನೆಯಿರಿ.’
ಪರದೆಯಲ್ಲಿ ಕೆಸರು.
ಇನ್ನೊಮ್ಮೆ. ಕೆಸರು.
ಮೂರನೆಯ ದಿನ ಅವರಿಗೆ ಸಿಟ್ಟು ಬಂತು:
‘ಸುಮ್ಮನೆ ಯಾರಾದರೂ ಕೈ ಎತ್ತುತ್ತಾರಾ ಮಾರಾಯ್ತಿ?
ಕೈಗೆ ಒಂದು ಕೆಲಸ ಬೇಡವಾ?’

ಆಗಲೇ ಕರೆಂಟು ಹೋಯಿತು.
ಫ್ಯಾನು ನಿಂತಿತು, ಗುಂಯ್ ನಿಂತಿತು,
ನನ್ನ ಬ್ಯಾಟರಿಯ ಪೆಟ್ಟಿಗೆ ಮಾತ್ರ ಎಚ್ಚರ.
ಕತ್ತಲಲ್ಲಿ ಪರದೆಯ ಮೇಲೆ ಎದ್ದವು,
ನಾಲ್ಕು ಮೊನೆ, ಒಂದು ತಡೆ,
ನಾಲ್ಕು ಮೊನೆ, ಒಂದು ತಡೆ.
ಕೆಳಗೆ ಜನರೇಟರು ಕೆಮ್ಮಿ ಏಳುವ ತನಕ
ಹನ್ನೊಂದು ಸೆಕೆಂಡು.

‘ಏನು ನೆನೆದಿರಿ?’
‘ಎಂತದೂ ಇಲ್ಲ. ಉದಾಸೀನ ಆಯ್ತಲ್ಲ,
ಹರಿದ ಬಲೆ ಹೆಣೆಯುತ್ತಿದ್ದೆ.
ಮುಳ್ಳು ಕೆಳಗೆ, ಮೇಲೆ, ಸುತ್ತು, ಎಳೆತ.’

ಆ ಹನ್ನೊಂದು ಸೆಕೆಂಡನ್ನು ಆರು ವರ್ಷ ಓದಿದೆ.
ಗುಂಯ್‌ಗುಡುವಿಕೆಯನ್ನು ಸೋಸುವ ಜರಡಿಯನ್ನು
ಅಕ್ಕಿಕಾಳಿನೊಳಗೆ ಕೊರೆಯಲು ಅಷ್ಟು ಬೇಕಾಯಿತು.
ಪ್ರಬಂಧದ ಕೊನೆಯಲ್ಲಿ ಮೆಸ್ಕಾಂಗೆ ಕೃತಜ್ಞತೆ ಬರೆದದ್ದನ್ನು
ಸಂಪಾದಕರು ತಮಾಷೆಯೆಂದು ಹೊಡೆದುಹಾಕಿದರು.
ನಾಲ್ಕನೆಯ ಚಿಪ್ಪಿನೊಳಗೆ ಅಂಟಿನ ಬಿರುಕಿನಿಂದ ಉಪ್ಪು ಹೊಕ್ಕ ವಾರವೇ
ಕರ್ಕೇರರು ತೀರಿಕೊಂಡರು. ಎದೆಯಲ್ಲಿ ಕಫ.
ನಾನು ಸಭೆಯೊಂದರಲ್ಲಿದ್ದೆ. ಹೋಗಲಾಗಲಿಲ್ಲ.

ಈಗ ಪ್ರತಿ ಹೊಸ ಸರ್ಕಿಟ್ಟಿಗೂ ಮೊದಲು ಕುಡಿಸುವುದು
ಅದೇ ನಾಲ್ಕು ಮೊನೆ, ಒಂದು ತಡೆ.
ಲ್ಯಾಬಿನಲ್ಲಿ ಅದರ ಹೆಸರು ‘ಕರ್ಕೇರ’.
‘ಕರ್ಕೇರ ಹಾಕಿದೆಯಾ?’ ‘ಕರ್ಕೇರ ದಾಟಿತು ಮೇಡಂ.’

ನಿನ್ನೆ ಹೊಸದಾಗಿ ಸೇರಿದ ಶಿಫಾನ ಕೇಳಿದಳು,
ಯಾವ ದೇಶದ ವಿಜ್ಞಾನಿ ಅವರು?

ಬೆಂಗ್ರೆಯವರು, ಎಂದೆ.
ಫೆರಿ ಹತ್ತಿದರೆ ಐದು ನಿಮಿಷ.