ಅರ್ತು

ಗುರುವಾರದ ಸಂತೆಯಲ್ಲಿ, ಹರಿದ ಸೀಟುಗಳ ರಾಶಿಯ ಹಿಂದೆ
ಚೌಕಾಸಿ ಮಾಡಿ ಬಾಸಿಲಿಯಾ ತಿಕೋನಾ ತಂದದ್ದು:
ಒಂದು ಗುಂಡು ಮೀಟರು, ಒಂದು ಕಪ್ಪು ಪೆಟ್ಟಿಗೆ,
ಹೆಬ್ಬೆರಳು ಗಾತ್ರದ ಸೆನ್ಸರು.
ಗಾಜಿಗೊಂದು ಗೀರು. ಗೀರಿನ ಲೆಕ್ಕಕ್ಕೆ ಹತ್ತು ಬೊಲಿವಿಯಾನೊ ಕಡಿಮೆ.

ಎಲ್ ಆಲ್ತೊ. ಕಡಲಿಂದ ನಾಲ್ಕು ಸಾವಿರ ಮೀಟರು ಮೇಲೆ.
ಇಲ್ಲಿನ ಗಾಳಿ, ನೀರು ಬೆರೆಸಿದ ಹಾಲು.
ನೀರು ಬೇಗ ಕುದಿಯುತ್ತದೆ, ಆಲೂಗಡ್ಡೆ ಬೇಯುವುದಿಲ್ಲ.
ಹಳೇ ಟೊಯೊಟಾದ್ದೂ ಅದೇ ಪಾಡು:
ಕೆಳಗಿನ ಊರಿನ ಅಳತೆಯಲ್ಲಿ ಪೆಟ್ರೋಲು ಕುಡಿದು
ಮೇಲಿನ ಗಾಳಿಯಲ್ಲಿ ಕೆಮ್ಮು.

ಪುಸ್ತಕ ಹೇಳುವುದು: ಪೆಟ್ರೋಲು ಒಂದು ಪಾಲಾದರೆ
ಗಾಳಿ ಹದಿನಾಲ್ಕು ಪಾಯಿಂಟ್ ಏಳು.
ಸೋದರಮಾವ ನಿಕಾನೊರ್ ಟೈರಿನ ಮೇಲೆ ಕೂತು
ಕೋಕಾ ಎಲೆ ದವಡೆಗೆ ಒತ್ತಿ ಕೇಳಿದ:
"ಮೂಗು ಇರೋದು ಯಾತಕ್ಕೆ?"
ನಲವತ್ತು ವರ್ಷ ಹೊಗೆ ಮೂಸಿಯೇ ಸ್ಕ್ರೂ ತಿರುವಿದವನು.

ಕೆಂಪು ತಂತಿ, ಕೀಲಿ ತಿರುವಿದರೆ ಮಾತ್ರ ಜೀವ ಬರುವ ಕಡೆಗೆ;
ನಡುವೆ ಫ್ಯೂಸು, ಮರೆಯಬಾರದು.
ಬಿಳಿ, ಹೆಡ್‌ಲೈಟಿನ ಸ್ವಿಚ್ಚಿಗೆ: ರಾತ್ರಿ ಮುಖ ತಗ್ಗಿಸಲಿ.
ಹಳದಿ, ಪೆಟ್ಟಿಗೆಯಿಂದ ಮೀಟರಿಗೆ ಸುದ್ದಿ ಹೊರಲು.
ಕಪ್ಪು ಎರಡು. ಮೀಟರಿನದು ಡ್ಯಾಶ್‌ಬೋರ್ಡಿನ ಹಿಂದೆ,
ಪೆಟ್ಟಿಗೆಯದು
ಕೈಗೆ ಸಿಕ್ಕಿದ ಬೋಲ್ಟಿಗೆ.
ಬೆರಳು ಮರಗಟ್ಟಿತ್ತು, ಕತ್ತಲಾಗುತ್ತಿತ್ತು.

ಕೀಲಿ.
ಸೆನ್ಸರು ಮೊದಲು ತನ್ನನ್ನೇ ಕಾಯಿಸಿಕೊಳ್ಳುತ್ತದೆ, ಅರ್ಧ ನಿಮಿಷ.
ಈ ಚಳಿಯಲ್ಲಿ ಒಲೆಯಿಲ್ಲದೆ ಯಾರು ಬಾಯಿ ಬಿಟ್ಟಾರು?
ಆಮೇಲೆ ಮುಳ್ಳು ಎದ್ದಿತು, ಅಲುಗಿತು,
ಹದಿನಾಲ್ಕು ಪಾಯಿಂಟ್ ಏಳಕ್ಕೆ ಬಂದು
ಪೂಜೆಗೆ ಕೂತ ಹಾಗೆ ಕೂತಿತು.

ಬಾಸಿಲಿಯಾ ಸ್ಟೀರಿಂಗಿಗೆ ಮುತ್ತು ಕೊಟ್ಟಳು.
ಮಾವ ಕಣ್ಣೊರೆಸಿಕೊಂಡ. ಸಂತೋಷಕ್ಕಲ್ಲ, ಹೊಗೆಗೆ.
"ಕಣ್ಣುರಿಯೋಷ್ಟು ಪೆಟ್ರೋಲು ಹಸಿಹಸಿ ಆಚೆ ಬರ್ತಿದೆ,
ಹೊಟ್ಟೆ ಹದವಾಗಿದೆ ಅಂತಿದೆಯಲ್ಲೇ ನಿನ್ನ ಗಡಿಯಾರ."

ಮೂರು ದಿನ ಅವಳು ಮುಳ್ಳನ್ನೇ ನಂಬಿದಳು.
ದುಡ್ಡು ಕೊಟ್ಟು ತಂದದ್ದಲ್ಲವೆ.
ನಾಲ್ಕನೇ ದಿನ ಪ್ಲಗ್ಗು ಬಿಚ್ಚಿದರೆ, ಒಲೆಯ ಹಿಂಬದಿಯಂಥ ಕಪ್ಪು.
ಸುಳ್ಳು ಇಷ್ಟು ಸರಿಯಾಗಿರಬಾರದು.

ಮಲ್ಟಿಮೀಟರಿನ ಒಂದು ಕಡ್ಡಿ ಪೆಟ್ಟಿಗೆಯ ಕಪ್ಪಿಗೆ,
ಇನ್ನೊಂದು ಬ್ಯಾಟರಿಗೆ:
ಸೊನ್ನೆ ಇರಬೇಕಾದಲ್ಲಿ ಒಂದೂಮುಕ್ಕಾಲು ವೋಲ್ಟು.
ಯಾವನೋ ಪುಣ್ಯಾತ್ಮ, ಕಾರಿಗೆ ನೀಲಿ ಬಳಿಯುವಾಗ
ಬೋಲ್ಟನ್ನೂ ಬಿಟ್ಟಿರಲಿಲ್ಲ.
ಅರ್ತು ತಾಗದೆ
ಅರ್ಥ ಕೆಟ್ಟಿತ್ತು.

ಉಪ್ಪುಕಾಗದದಲ್ಲಿ ಉಜ್ಜಿದಳು, ಕಬ್ಬಿಣ ಹೊಳೆಯುವ ತನಕ.
ಎರಡು ಕಪ್ಪನ್ನೂ ಹೊಸೆದು ಒಂದೇ ಉಂಗುರಕ್ಕೆ, ಒಂದೇ ಬೋಲ್ಟಿಗೆ.
ಕೀಲಿ. ಅರ್ಧ ನಿಮಿಷ.

"ಏನಂತೆ?"
"ನೀನಂದದ್ದೇ."
"ಅದು ಗೊತ್ತು. ಎಷ್ಟು ಅಂತೆ?"
"ಹನ್ನೊಂದೂಕಾಲು."
ಹನ್ನೊಂದೂಕಾಲು, ಅಂದ ಮಾವ,
ಎಲೆಯನ್ನು ಈ ದವಡೆಯಿಂದ ಆ ದವಡೆಗೆ ಸರಿಸಿ.
ನಲವತ್ತು ವರ್ಷದ ವಾಸನೆಗೆ
ಇವತ್ತು ಹೆಸರಿಟ್ಟರು.

ಸಣ್ಣ ಜೆಟ್ಟು ಹಾಕಿದ್ದಾಳೆ. ಅವನೀಗ ಕಾರಿನ ಹಿಂದೆ,
ಹೊಗೆಕೊಳವೆಗೆ ಬಗ್ಗಿ, ಟೋಪಿ ಕೈಯಲ್ಲಿ ಹಿಡಿದು.
"ಒತ್ತು... ಬಿಡು... ಹನ್ನೆರಡೂವರೆ!"
ಒಳಗೆ ಮುಳ್ಳು
ಇನ್ನೂ ದಾರಿಯಲ್ಲಿತ್ತು.